ಪದಚರ್ಚೆ: ಪಿಂಗಾಣಿ ತಟ್ಟೆಯ ತಳದಲ್ಲಿರುವ ಗುರುತಿಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಪಿಂಗಾಣಿ ತಟ್ಟೆ ಮಗುಚಿದರೆ ತಳದಲ್ಲಿ ಕಂಪನಿಯ ಹೆಸರು, ಚಿಹ್ನೆ, ದೇಶದ ಹೆಸರು ಇರುತ್ತವಲ್ಲ, ಬ್ಯಾಕ್‌ಸ್ಟ್ಯಾಂಪ್ ಅಂತಾರೆ, ಅದಕ್ಕೆ ಕನ್ನಡದಲ್ಲಿ ಯಾವ ಪದ ಬಳಸೋಣ? ಜಪಾನಿನ ನೊರಿಟಾಕೆ ಕಂಪನಿಯ ಬಗ್ಗೆ ಬರೆಯುತ್ತಿದ್ದೇನೆ. ಅಲ್ಲಿ ಕತೆಯೆಲ್ಲ ಈ ಗುರುತಿನದೇ.

1904ರಲ್ಲಿ ನಗೋಯಾ ಹತ್ತಿರದ ನೊರಿಟಾಕೆ ಅನ್ನೋ ಊರಲ್ಲಿ ಶುರುವಾದ ಕಾರ್ಖಾನೆ ಅದು. 1914ರಲ್ಲಿ ಪೂರ್ತಿ ಊಟದ ಸೆಟ್ಟನ್ನೇ ಮಾಡಿದ್ದರು. ಎರಡನೇ ಮಹಾಯುದ್ಧ ಮುಗಿದಾಗ ಒಳ್ಳೆಯ ಕಚ್ಚಾ ಸಾಮಾನೂ ಇಲ್ಲ, ನುರಿತ ಕೈಗಳೂ ಸಾಲದು. ತಟ್ಟೆ ಬಟ್ಟಲು ಮಾಡಿದರು, ಹಳೆಯ ಮಟ್ಟಕ್ಕೆ ಬರಲಿಲ್ಲ. ಆಗ ಅವರು ತಮ್ಮ ಹೆಸರನ್ನೇ ತಳದಿಂದ ತೆಗೆದುಬಿಟ್ಟರು! 1946ರಿಂದ ಸುಮಾರು ಎರಡು ವರ್ಷ ಒಂದು ಗುಲಾಬಿ ಹೂವು, ‘ರೋಸ್ ಚೈನಾ’ (ಚೈನಾ ಅಂದರೆ ಇಲ್ಲಿ ಪಿಂಗಾಣಿ) ಅನ್ನೋ ಹೆಸರು, ಅಷ್ಟೇ. ಸರಕು ಸುಧಾರಿಸಿತು ಅಂತ ಅವರಿಗೇ ನಂಬಿಕೆ ಬಂದ ಮೇಲೆ 1948ರಲ್ಲಿ ನೊರಿಟಾಕೆ ಹೆಸರು ವಾಪಸ್ ಬಂತು. ಅಷ್ಟು ಕಷ್ಟದ ಕಾಲದಲ್ಲಿ, ನಾಲ್ಕು ಕಾಸು ಜಾಸ್ತಿ ತರಬಹುದಾಗಿದ್ದ ಹೆಸರನ್ನು ಹಾಗೆ ಕಾಪಾಡಿಕೊಂಡರಲ್ಲ, ಅದಕ್ಕೇ ಇಲ್ಲಿ ಸುಮ್ನೆ ‘ಗುರುತು’ ಅಂತ ಬರೆಯೋಕೆ ಮನಸ್ಸು ಒಪ್ಪುತ್ತಿಲ್ಲ.

‘ಠಸ್ಸೆ’ ಅಂದರೆ ಸರ್ಕಾರಿ ಕಚೇರಿ ನೆನಪಾಗುತ್ತದೆ. ‘ಅಚ್ಚು’ ಅಂದರೆ ಬಟ್ಟಲಿಗೆ ಆಕಾರ ಕೊಡುವ ಅಚ್ಚು ಅಂತಲೇ ಓದುವವರು ತಿಳಿಯುತ್ತಾರೆ, ಆ ಮಾತೂ ಲೇಖನದಲ್ಲಿ ಬರುತ್ತದೆ. ‘ಮೊಹರು’ ಪರವಾಗಿಲ್ಲ, ಆದರೆ ಅರಗು, ಲಕೋಟೆ ಕಣ್ಣಿಗೆ ಬರುತ್ತವೆ. ನನಗೆ ‘ತಳಮುದ್ರೆ’ ಹಿಡಿಸಿದೆ. ದಾಸರ ಪದದ ಕೊನೆಯಲ್ಲಿ ಬರುವ ಅಂಕಿತಕ್ಕೆ ಮುದ್ರಿಕೆ ಅಂತಲೂ ಅಂತೀವಲ್ವಾ, ಇದು ಇಂಥವರದು ಅಂತ ಹೇಳುವ ಆ ಅರ್ಥ ‘ಮುದ್ರೆ’ಯಲ್ಲೂ ಇದೆ ಅನ್ನಿಸುತ್ತದೆ.

ಇನ್ನೊಂದು ಪ್ರಶ್ನೆ. 1947ರಿಂದ ಕೆಲವು ವರ್ಷ ಜಪಾನಿನ ರಫ್ತು ಸರಕಿನ ಮೇಲೆ ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಅಂತ ಹಾಕುತ್ತಿದ್ದರು. ‘ಆಕ್ರಮಿತ ಜಪಾನ್’ ಅಂದರೆ ಯುದ್ಧ ಇನ್ನೂ ನಡೆಯುತ್ತಿರುವ ಹಾಗಿದೆ. ಜಪಾನ್ ಶರಣಾದ ಮೇಲೆ 1952ರವರೆಗೆ ಅಲ್ಲಿದ್ದದ್ದು ಮಿತ್ರಪಡೆಗಳ ಹಿಡಿತ. ‘ಪರಾಧೀನ ಜಪಾನ್’ ಸರಿಹೋಗುತ್ತದಾ?

ಬೆಂಗಳೂರಿನ ಬಿಎಚ್‌ಇಎಲ್ ಪಿಂಗಾಣಿ ಘಟಕದಲ್ಲೋ ಖಾನಾಪುರದ ಕುಂಬಾರಿಕೆ ಸಂಸ್ಥೆಯಲ್ಲೋ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಸರಕಿನ ಮೇಲೆ ಹಾಕುವ ಈ ಗುರುತಿಗೆ ಅಲ್ಲಿ ಕೆಲಸಗಾರರು ಏನನ್ನುತ್ತಿದ್ದರು? ಅಂಥ ಪದ ಸಿಕ್ಕರೆ ನನ್ನ ‘ತಳಮುದ್ರೆ’ ಬಿಟ್ಟು ಅದನ್ನೇ ಬಳಸುತ್ತೇನೆ.