ಸಹಾಯ ಬೇಕು: ಒಪ್ಪತ್ತಿನ ದಿನ ಸಕ್ಕರೆ ಗುಳಿಗೆ ಹೆಂಗೆ?

ಅಣ್ಣಾರೆ, ಅಕ್ಕಾರೆ, ನಾವು ಆಳಂದ ಕಡೆಯವರು. ಅಪ್ಪನಿಗೆ ಸಕ್ಕರೆ ಕಾಯಿಲೆ. ಮೊನ್ನೆ ಕಲಬುರಗಿಯಲ್ಲಿ ತೋರಿಸಿಕೊಂಡು ಬಂದೆವು. ಚೀಟಿಯಲ್ಲಿ ಗ್ಲಿಮೆಪಿರೈಡ್ 1 ಎಂಜಿ, ಮುಂದೆ 1-0-1, ಪಕ್ಕದಲ್ಲಿ 'ಎಸಿ'. ತಂಪಲ್ಲಿ ಇಡಬೇಕೇನೋ ಅಂತ ಅಪ್ಪ ಗುಳಿಗೆಯನ್ನು ನೀರಿನ ಗಡಿಗೆ ಪಕ್ಕ ಇಟ್ಟಿದ್ದರು! ಎಸಿ ಅಂದ್ರೆ ಊಟಕ್ಕೆ ಮೊದಲು, 1-0-1 ಅಂದ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಔಷಧಿ ಅಂಗಡಿಯವರು ಬಿಡಿಸಿ ಹೇಳಿದರು.

ಆದರೆ ಅಪ್ಪಂದು ಸೋಮವಾರ ಒಪ್ಪತ್ತು, ರಾತ್ರಿ ಮಾತ್ರ ಊಟ. ಈ ಸೋಮವಾರ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಗುಳಿಗೆ ನುಂಗಿ, ಹನ್ನೊಂದಕ್ಕೆ ಬೆವತು, ಕೈ ನಡುಗಿ ಕೂತುಬಿಟ್ಟರು. ಬೆಲ್ಲದ ನೀರು ಕುಡಿಸಿದ ಮೇಲೆ ಸರಿಯಾದರು. ಡಾಕ್ಟರಿಗೆ ಒಪ್ಪತ್ತಿನ ವಿಷಯ ಹೇಳೋಕೆ ನಮಗೇ ಹೊಳೆಯಲಿಲ್ಲ, ಅವರೂ ಕೇಳಲಿಲ್ಲ. ಈಗ ಅಲ್ಲಿ ಫೋನ್ ಎತ್ತುತ್ತಿಲ್ಲ.

ಒಪ್ಪತ್ತಿನ ದಿನ ಬೆಳಗಿನ ಗುಳಿಗೆ ಬಿಡಬೇಕಾ, ತಗೊಬೇಕಾ? 104 ಸಹಾಯವಾಣಿಯವರು ಇದನ್ನು ಹೇಳ್ತಾರಾ?