ಪದಚರ್ಚೆ: ‘ಪಂಪಿನ ಮುಂದೆ ಫಿಲ್ಟರ್’ ಎಂದರೆ ಯಾವ ಕಡೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪ ಸುತ್ತಿನ ಕಾಫಿ ತೋಟಗಳ ಪಿಕಪ್ ಚಾಲಕರಿಗೆ, ಮೆಕ್ಯಾನಿಕ್‌ಗಳಿಗೆ ಒಂದು ಕನ್ನಡ ಕೈಪಿಡಿ ತಯಾರಾಗುತ್ತಿದೆ. ಕಂಪನಿ ಫಿಲ್ಟರ್ ಜೊತೆಗೆ ಇನ್ನೊಂದು ಡೀಸೆಲ್ ಫಿಲ್ಟರ್ ಕೂರಿಸುವುದು ಅದರ ವಿಷಯ. ಬ್ಯಾರೆಲ್‌ನಲ್ಲಿಟ್ಟ ಡೀಸೆಲ್, ಮಳೆಗಾಲದ ಥಂಡಿ, ಅರ್ಧ ಖಾಲಿ ಟ್ಯಾಂಕ್ ಇವುಗಳಿಂದ ನೀರು ಸೇರುವುದು ಇಲ್ಲಿ ಮಾಮೂಲು. ಕರಡಿನಲ್ಲಿ ಹೀಗಿದೆ: “ಪಂಪಿನ ಮುಂದೆ 30 ಮೈಕ್ರಾನ್ ಫಿಲ್ಟರ್ ಕೂರಿಸಿ, ವಾರಕ್ಕೊಮ್ಮೆ ನೀರು ಬಿಡಿ.” (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.) ಇಲ್ಲಿ ‘ಮುಂದೆ’ ಎಂದರೆ ಟ್ಯಾಂಕ್ ಕಡೆಯೋ, ಇಂಜಿನ್ ಕಡೆಯೋ? ‘ಪೂರ್ವಶೋಧಕ’ ಎಂದು ಬರೆಯಿರಿ ಎಂಬ ಸಲಹೆಯೂ ಬಂದಿದೆ. ತಿಳಿದವರು ಹೇಳಬೇಕು.

ಉತ್ತರ

ಗೊಂದಲ ‘ಮುಂದೆ’ ಎಂಬ ಪದದ್ದಲ್ಲ, ಅದರ ಹಿಂದಿನ ವಿಭಕ್ತಿಯದು. ‘ಮನೆಯ ಮುಂದೆ’ ಎಂದರೆ ಮನೆಯ ಮುಖದ ಕಡೆ. ಮನೆಗೆ ಮುಖವಿದೆ, ಪಂಪಿಗೆ ಇಲ್ಲ. ಹಾಗಾಗಿ ‘ಪಂಪಿನ ಮುಂದೆ’ ಎಂದಾಗ ಓದುವವನು ತನಗೆ ತೋಚಿದ ದಿಕ್ಕು ಹಿಡಿಯುತ್ತಾನೆ. ಹರಿಯುವ ವಸ್ತುವಿಗೆ ಕನ್ನಡದಲ್ಲಿ ಸ್ಪಷ್ಟವಾದ ಜೋಡಿ ಇದ್ದೇ ಇದೆ. ಹಾರಂಗಿ ಕಾವೇರಿಯನ್ನು ಸೇರುವುದು ಕೂಡಿಗೆಯಲ್ಲಿ. ‘ಕೂಡಿಗೆಗೆ ಮೊದಲು’ ಎಂದರೆ ಹಾರಂಗಿ ಸೇರದ ಕಾವೇರಿ, ‘ಕೂಡಿಗೆಯಿಂದ ಮುಂದೆ’ ಎಂದರೆ ಎರಡೂ ನೀರು ಕೂಡಿದ ಕಾವೇರಿ. ಇದರಲ್ಲಿ ಯಾರಿಗೂ ಅನುಮಾನ ಬಾರದು. ಡೀಸೆಲ್ ಪೈಪಿಗೂ ಇದೇ ಸಾಕು: ‘ಪಂಪಿಗೆ ಮೊದಲು’, ‘ಪಂಪಿನಿಂದ ಮುಂದೆ’. ಜೊತೆಗೆ ‘ಟ್ಯಾಂಕ್ ಕಡೆ’, ‘ಇಂಜಿನ್ ಕಡೆ’ ಎಂದು ಒಂದು ಸಲ ಸೇರಿಸಿಬಿಡಿ.

ಇದು ಬರೀ ವ್ಯಾಕರಣದ ಮಾತಲ್ಲ. ಇಲ್ಲಿ ಪಂಪು ಎಂದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪು. ಪಂಪಿಗೆ ಮೊದಲಿನದು ಎಳೆಯುವ ಕಡೆ, ಅಲ್ಲಿಂದ ಮುಂದಿನದು ತಳ್ಳುವ ಕಡೆ. ಎಳೆಯುವ ಕಡೆ ದೊಡ್ಡ ಕಣ್ಣಿನ, ನೀರು ಬೇರ್ಪಡಿಸುವ 30 ಮೈಕ್ರಾನ್ ಫಿಲ್ಟರ್ ಸರಿ. 2 ಮೈಕ್ರಾನಿನ ನಯ ಫಿಲ್ಟರನ್ನು ಅಲ್ಲಿಗೆ ಸೇರಿಸಿದರೆ ಪಂಪು ಎಳೆದೂ ಎಳೆದೂ ಸೋಲುತ್ತದೆ. ಪೈಪಿನಲ್ಲಿ ಒತ್ತಡ ಕುಸಿದು ಡೀಸೆಲ್‌ನಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಏಳುತ್ತದೆ. ಖಾಲಿ ಗಾಡಿಯಲ್ಲಿ ಇದು ಗೊತ್ತಾಗದು. ಲೋಡು ಹಾಕಿ ಸಂಪಾಜೆ ಘಾಟಿ ಹತ್ತುವಾಗ ಎಳೆತ ಬಿಡುತ್ತದೆ, ರೈಲ್ ಪ್ರೆಶರ್ (ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಒಂದೇ ಕೊಳವೆಯ ಒತ್ತಡ) ಕಡಿಮೆ ಎಂದು ಸ್ಕ್ಯಾನರ್ ಪಿ0087 ಎಂಬ ದೋಷದ ಸಂಕೇತ ತೋರಿಸುತ್ತದೆ. ಇನ್ನೂ ಒಂದಿದೆ: ತಳ್ಳುವ ಕಡೆಯ ಜಾಯಿಂಟ್ ಸಡಿಲವಾದರೆ ಡೀಸೆಲ್ ತೊಟ್ಟಿಕ್ಕಿ ತಾನೇ ಹೇಳುತ್ತದೆ. ಎಳೆಯುವ ಕಡೆ ಸಡಿಲವಾದರೆ ಹೊರಗೆ ಒಂದು ಹನಿಯೂ ಕಾಣದೆ ಗಾಳಿ ಒಳಗೆ ಹೋಗುತ್ತಿರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆ ಕಡೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ತಾತ್ಕಾಲಿಕವಾಗಿ ಹಾಕಿ ನೋಡಿದರೆ ಗುಳ್ಳೆ ಕಣ್ಣಿಗೇ ಬೀಳುತ್ತದೆ.

ಹಲವು ಕಾಮನ್ ರೈಲ್ ಗಾಡಿಗಳಲ್ಲಿ ಎಳೆಯುವ ಪಂಪು ಹೈ ಪ್ರೆಶರ್ ಪಂಪಿನ ಒಡಲಲ್ಲೇ ಇರುತ್ತದೆ, ಕಂಪನಿ ಫಿಲ್ಟರೂ ಎಳೆಯುವ ಕಡೆಯೇ ಬರುತ್ತದೆ. ಅಂಥವಕ್ಕೆ ಇನ್ನೊಂದು ನಯ ಫಿಲ್ಟರ್ ಬೇಡವೇ ಬೇಡ. ಟ್ಯಾಂಕಿನೊಳಗೇ ಕರೆಂಟ್ ಪಂಪು ಇರುವ ಗಾಡಿಯಲ್ಲಿ ಟ್ಯಾಂಕಿನಿಂದ ಹೊರಬಂದ ಪೈಪೆಲ್ಲ ತಳ್ಳುವ ಕಡೆಯೇ. ಅಲ್ಲಿ ಫಿಲ್ಟರಿನ ತಳದಲ್ಲಿ ನೀರು ನಿಲ್ಲುವ ಬಟ್ಟಲು ಆ ಒತ್ತಡ ತಡೆಯುವಂಥದ್ದೇ ಆಗಬೇಕು.

‘ಪೂರ್ವಶೋಧಕ’ ಬೇಡ. ಶೋಧಕ ಎಂದರೆ ಹುಡುಕುವುದೂ ಆಗುತ್ತದೆ, ಅಂಗಡಿಯಲ್ಲಿ ಹೇಳಿದರೆ ಯಾರೂ ತೆಗೆದುಕೊಡರು. ಹೆಸರಿಗೆ ‘ಫಿಲ್ಟರ್’, ಕ್ರಿಯೆಗೆ ‘ಸೋಸು’ ಇರಲಿ. ‘ಎಣ್ಣೆ ಫಿಲ್ಟರ್’ ಎಂದೂ ಬರೆಯಬೇಡಿ, ಇಂಜಿನ್ ಆಯಿಲ್ ಫಿಲ್ಟರ್ ಕೈಗೆ ಬರುತ್ತದೆ.

‘ನೀರು ಬಿಡಿ’ ಎಂಬುದನ್ನು ಖಂಡಿತ ತೆಗೆಯಿರಿ. ತೋಟದಲ್ಲಿ ನೀರು ಬಿಡುವುದೆಂದರೆ ನೀರು ಹಾಯಿಸುವುದು. ‘ಬಟ್ಟಲಿನ ನೀರು ಇಳಿಸಿ’ ಎನ್ನಿ. ಕೈಪಿಡಿಗೆ ಈ ಒಕ್ಕಣೆ ಹೊಂದೀತು:

“ಪಂಪಿಗೆ ಮೊದಲು, ಟ್ಯಾಂಕ್ ಕಡೆ, 30 ಮೈಕ್ರಾನಿನ ವಾಟರ್ ಸೆಪರೇಟರನ್ನು ಚಾಸಿಸ್‌ಗೆ ಕೂರಿಸಿ. ಸೈಲೆನ್ಸರ್ ಪೈಪಿನಿಂದ ದೂರವಿರಲಿ, ಬಟ್ಟಲು ಕೆಳಗಿದ್ದು ಕೈಗೆ ಸಿಗಲಿ. ಬಾಣದ ಗುರುತು ಡೀಸೆಲ್ ಹರಿಯುವ ದಿಕ್ಕಿಗೆ ಇರಲಿ. ಹೊಸ ಪೈಪಿನ ಒಳ ಅಳತೆ ಕಂಪನಿ ಪೈಪಿಗಿಂತ ಸಣ್ಣದಾಗಬಾರದು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಚೂರು ಇಂಜೆಕ್ಟರಿಗೆ ಹೋಗುತ್ತದೆ. ಕೂರಿಸಿದ ಮೇಲೆ ಹ್ಯಾಂಡ್ ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಿರಿ. ಕಾಮನ್ ರೈಲ್ ಗಾಡಿಯಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಗಾಳಿ ತೆಗೆಯಲೇಬಾರದು. ನೀರು ಇಳಿಸುವಾಗ ಇಂಜಿನ್ ಆಫ್ ಇರಲಿ, ಇಲ್ಲದಿದ್ದರೆ ಅದೇ ತೂತಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಇಳಿಸಿದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ನೋಡಿ: ನೀರು ತಳಕ್ಕೆ, ಡೀಸೆಲ್ ಮೇಲಕ್ಕೆ. ಎರಡರ ನಡುವೆ ಕಪ್ಪು ಲೋಳೆ ಕಂಡರೆ ಸೂಕ್ಷ್ಮಜೀವಿ ಬೆಳೆದಿದೆ. ಫಿಲ್ಟರ್ ಬದಲಿಸಿದರೆ ಸಾಲದು, ಟ್ಯಾಂಕ್ ಇಳಿಸಿ ತೊಳೆಯಬೇಕು.”

ಮತ್ತೊಂದು ಉತ್ತರ

ಮೇಲಿನದನ್ನು ಪೂರ್ತಿ ಒಪ್ಪುತ್ತೇನೆ. ಒಂದು ಸೇರಿಸಬೇಕು. ‘10 ಮೈಕ್ರಾನ್‌ವರೆಗೆ ಸೋಸುತ್ತದೆ’ ಎಂಬ ವಾಕ್ಯ ಕಂಡರೆ ತಿದ್ದಿ. 10ಕ್ಕಿಂತ ದಪ್ಪದ್ದನ್ನು ಹಿಡಿಯುತ್ತದೋ ಸಣ್ಣದ್ದನ್ನೋ ಅದರಿಂದ ತಿಳಿಯದು. ‘10 ಮೈಕ್ರಾನ್ ಮತ್ತು ಅದಕ್ಕಿಂತ ದಪ್ಪದ ಕಸ ಹಿಡಿಯುತ್ತದೆ’ ಎನ್ನಿ. ಎಷ್ಟು ಪಾಲು ಎಂಬುದನ್ನೂ ಹೇಳಬೇಕು. ಅದರ ಅಳತೆ ‘ಬೀಟಾ’: ಆ ಗಾತ್ರದ ಎಷ್ಟು ಕಣ ಬಂದರೆ ಒಂದು ದಾಟುತ್ತದೆ ಎಂಬ ಲೆಕ್ಕ. ಬೀಟಾ 2 ಎಂದರೆ ಬಂದ ಎರಡು ಕಣದಲ್ಲಿ ಒಂದು ದಾಟಿತು, ಅರ್ಧ ಮಾತ್ರ ಸಿಕ್ಕಿತು. ಬೀಟಾ 200 ಎಂದರೆ ಇನ್ನೂರಕ್ಕೆ ಒಂದು ದಾಟಿತು, ಶೇ. 99.5 ಸಿಕ್ಕಿತು. ಡಬ್ಬದ ಮೇಲೆ ಬರೀ ‘10 ಮೈಕ್ರಾನ್’ ಎಂದಿದ್ದು ಬೀಟಾ ಇಲ್ಲದಿದ್ದರೆ, ಆ ಅಂಕಿಯನ್ನು ಕೈಪಿಡಿಗೆ ಎತ್ತಿಕೊಳ್ಳಬೇಡಿ.