ಮನೆಯಲ್ಲೇ ಕಾಂಟೆಸ್ಸಾ ರಿಪೇರಿ: ಎಂಜಿನ್ ಮೊದಲೋ, ಬಾಡಿ ಮೊದಲೋ?

ಕಲಬುರಗಿ_ಕ್ಲಾಸಿಕ್:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಅವರ ಕಾಂಟೆಸ್ಸಾ ಕ್ಲಾಸಿಕ್ ಕಾರು, ಇಸುಜು 1.8 ಪೆಟ್ರೋಲ್ ಎಂಜಿನ್ನಿನದು, ಆಳಂದ ರಸ್ತೆ ಕಡೆಯ ಹಳೇ ಮನೆ ಅಂಗಳದಲ್ಲಿ ಬೇವಿನ ಮರದ ಕೆಳಗೆ ವರ್ಷಗಟ್ಟಲೆ ನಿಂತಿದೆ. ಗುಜರಿಯವರು ಬಂದು ಬಂದು ಕೇಳಿದರೂ ಕಾಕಾ ಕೊಡಲಿಲ್ಲ, ಈಗ ನೀನೇ ಇಟ್ಟುಕೋ ಅಂತ ನನಗೆ ಕೊಟ್ಟಿದ್ದಾರೆ. ಡ್ರೈವರ್ ಕಡೆ ಮ್ಯಾಟ್ ಎತ್ತಿದರೆ ನೆಲ ಕಾಣುತ್ತೆ, ವೈರಿಂಗ್ ಇಲಿ ಕಡಿದಿವೆ, ಬ್ರೇಕ್ ಪೆಡಲ್ ಒತ್ತಿದರೆ ಕೆಳಗೇ ಹೋಗುತ್ತೆ. ಒಬ್ಬ ಮಿಸ್ತ್ರಿ ನೋಡಿ, ಈ ಎಂಜಿನ್ ಇಳಿಸಿ ಬೇರೆ ಡೀಸೆಲ್ ಎಂಜಿನ್ ಕೂರಿಸೋಣ ಅಂದರು. ಪೇಂಟರ್ ಮೊದಲು ಪುಟ್ಟಿ ಹಾಕಿ ಬಣ್ಣ ಹೊಡೆಯೋಣ ಅಂತಾರೆ. ನನಗೆ ಇದ್ದ ಎಂಜಿನ್ನೇ ಬೇಕು, ಆಗುವಷ್ಟು ಕೆಲಸ ನಾನೇ ಮಾಡಬೇಕು. ಕಾಕಾ ಅವರನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಶರಣಬಸವೇಶ್ವರ ಗುಡಿಗೆ ಹೋಗಬೇಕು ಅನ್ನೋದೇ ಆಸೆ. ಎಲ್ಲಿಂದ ಶುರು ಮಾಡಲಿ?

ಹಳೇಗಾಡಿ_ಸೇಡಂ:
ತಮ್ಮಾ, ಮೊದಲನೇ ಮಾತು: ಬ್ಯಾಟರಿ ಕಟ್ಟಿ ಕೀ ತಿರುಗಿಸಬೇಡ. ಭಾಳ ಮಂದಿ ಅದನ್ನೇ ಮೊದಲು ಮಾಡ್ತಾರೆ. ಇಷ್ಟು ವರ್ಷ ನಿಂತ ಎಂಜಿನ್ನಲ್ಲಿ ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ಕಚ್ಚಿಕೊಂಡಿರಬಹುದು. ಜೋರು ಮಾಡಿದರೆ ರಿಂಗ್ ಮುರಿಯುತ್ತೆ, ಸಿಲಿಂಡರ್ ಗೋಡೆಗೆ ಗೀರು ಬೀಳುತ್ತೆ. ನಾಲ್ಕೂ ಪ್ಲಗ್ ಬಿಚ್ಚಿ ಒಳಗೆ ಸ್ವಲ್ಪ ಡೀಸೆಲ್, ಸ್ವಲ್ಪ ಎಂಜಿನ್ ಆಯಿಲ್ ಕಲಸಿ ಬಿಡು. ಕೆಲವು ದಿನ ನೆನೆಯಲಿ. ಆಮೇಲೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಮುಂದಿನ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ನಿಧಾನವಾಗಿ ಹಿಂದೆ ಮುಂದೆ ಆಡಿಸು. ಎರಡು ಸುತ್ತು ಪೂರ್ತಿ ಸರಾಗವಾಗಿ ತಿರುಗಿತು ಅಂದರೆ ಅರ್ಧ ಗೆದ್ದ ಹಾಗೆ. ಆಗ ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಎಷ್ಟಿದೆ ನೋಡು. ಒಂದು ಸಿಲಿಂಡರ್‌ನಲ್ಲಿ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡು. ಏರಿದರೆ ರಿಂಗಿನ ತೊಂದರೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಇಷ್ಟು ತಿಳಿಯದೆ ಎಂಜಿನ್ ಇಳಿಸಿ ಬಿಸಾಕೋಣ ಅನ್ನೋದು ತಪ್ಪು ಮಾತು.

ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸು. ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಕಾರ್ಬ್ಯುರೇಟರ್ ಕಿಟ್ ಎಲ್ಲಾ ಹೊಸದು ಹಾಕು. ಈಗ ಬಂಕಿನಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಇರೋ ಇ20. ಆ ಕಾಲದ ರಬ್ಬರನ್ನು ಅದು ಹಾಳು ಮಾಡುತ್ತೆ, ನೀರನ್ನೂ ಎಳೆದುಕೊಳ್ಳುತ್ತೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬೇಡ. ರೇಡಿಯೇಟರ್‌ಗೆ ನಮ್ಮ ಕಡೆಯ ಬೋರ್ ನೀರು ಬೇಡವೇ ಬೇಡ. ಗಡಸು ನೀರು, ಒಳಗೆ ಸುಣ್ಣ ಕಟ್ಟುತ್ತೆ, ಬೇಸಿಗೆಯಲ್ಲಿ ಗಾಡಿ ಕುದಿಯುತ್ತೆ. ಡಿಸ್ಟಿಲ್ಡ್ ವಾಟರ್, ಕೂಲಂಟ್ ಮಾತ್ರ.

ಬೀದರ್_ಕೆಎ38:
ಅಣ್ಣಾ ಹೇಳಿದ್ದೆಲ್ಲಾ ಸರಿ, ಆದರೆ ಪಾನಾ ಹಿಡಿಯೋಕೆ ಮುಂಚೆ ಕಾಗದ ನೋಡಿ ಸರ್. ಕಾಂಟೆಸ್ಸಾ ತಯಾರಿಕೆ 2002ಕ್ಕೇ ನಿಂತಿದೆ, ಅಂದರೆ ನಿಮ್ಮದರ 15 ವರ್ಷದ ನೋಂದಣಿ ಮುಗಿದು ಎಷ್ಟೋ ಕಾಲ ಆಗಿದೆ. ಆರ್‌ಸಿ ನವೀಕರಣಕ್ಕೆ ಫಾರ್ಮ್ 25, ಗಾಡಿ ತೋರಿಸಬೇಕು, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಬೇಕು. ಪಾಸಾದರೆ 5 ವರ್ಷ ಸಿಗುತ್ತೆ. ಕಾಕಾ ಹೆಸರಿನಿಂದ ನಿಮ್ಮ ಹೆಸರಿಗೆ ಆಗೋಕೆ ಫಾರ್ಮ್ 29, 30. ಹಳೇ ಗಾಡಿಗೆ ಫೀಸೂ ಜಾಸ್ತಿ: 2022ರಲ್ಲಿ ಕಾರಿಗೆ 5,000 ಮಾಡಿದರು, 2025ರಲ್ಲಿ 20 ವರ್ಷ ದಾಟಿದವಕ್ಕೆ 10,000. ವಿಂಟೇಜ್ ಅಂತ ಮಾಡಿಸಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು. ಕಾಂಟೆಸ್ಸಾ ಬಂದಿದ್ದೇ 1984ರಲ್ಲಿ.

ಎಂಜಿನ್ ಬದಲಿಸಿದರೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಬರೆಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಇನ್ನೊಂದು, ಗ್ರೈಂಡರ್ ಹಚ್ಚೋ ಮುಂಚೆ ಚಾಸಿ ನಂಬರ್ ಎಲ್ಲಿದೆ ಹುಡುಕಿ, ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದಿಡಿ. ಟಿಂಕರಿಂಗ್‌ನಲ್ಲಿ, ಅಂದರೆ ತಗಡಿನ ಕೆಲಸದಲ್ಲಿ, ನಂಬರ್ ಅಳಿಸಿಹೋದರೆ ಆಮೇಲೆ ಪಡೋ ಪಾಡು ಬೇಡ.

ಯಾದಗಿರಿ_ಟಿಂಕರ್:
ನಾನು ಬಾಡಿ ಕೆಲಸದವನು, ಅದಷ್ಟೇ ಹೇಳ್ತೀನಿ. ಪುಟ್ಟಿ ಹಾಕಿ ಬಣ್ಣ ಹೊಡೆಸಬೇಡಿ ಸರ್. ತುಕ್ಕಿನ ಮೇಲೆ ಪುಟ್ಟಿ ಹಾಕೋದು ಅಂದರೆ ಹುಳುಕು ಹಲ್ಲಿನ ಮೇಲೆ ಬೆಳ್ಳಿ ತಗಡು ಹಾಕಿದ ಹಾಗೆ. ಒಂದು ಮಳೆಗಾಲದಲ್ಲಿ ಬೊಬ್ಬೆ ಏಳುತ್ತೆ.

ಬೇವಿನ ಮರದ ಕೆಳಗೆ ಅಂದಿರಲ್ಲ, ವೈಪರ್ ಹತ್ತಿರದ ಜಾಲಿ ಬಿಚ್ಚಿ ನೋಡಿ. ಎಲೆ ಬಿದ್ದು ಕೊಳೆತು ನೀರು ಇಳಿಯೋ ತೂತು ಮುಚ್ಚಿರುತ್ತೆ, ನೀರು ಒಳಗೆ ಡ್ರೈವರ್ ಕಾಲಿನ ಕಡೆ ಬರುತ್ತೆ. ನಿಮ್ಮ ನೆಲ ತೂತು ಬಿದ್ದಿದ್ದು ಅದರಿಂದಲೇ ಇರಬಹುದು. ಅದನ್ನ ಸರಿ ಮಾಡದೆ ಹೊಸ ತಗಡು ಹಾಕಿದರೂ ಮತ್ತೆ ಅಲ್ಲೇ ತುಕ್ಕು. ಬಾಗಿಲ ಕೆಳ ಅಂಚು, ಡಿಕ್ಕಿ ನೆಲ, ಬ್ಯಾಟರಿ ಕೂರೋ ಜಾಗ, ಮುಂದಿನ ಗಾಜಿನ ರಬ್ಬರ್ ಕೆಳಗೆ, ಎಲ್ಲಾ ಕಡೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ, ಮೆತ್ತಗೆ ಸದ್ದು ಬಂದರೆ ಕೊರೆಯಬೇಕು. ಗಟ್ಟಿ ಕಬ್ಬಿಣ ಸಿಗೋವರೆಗೂ ಕತ್ತರಿಸಿ. ನೆಲದ ತಗಡಿಗೆ ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ವೆಲ್ಡಿಂಗ್ ಮಾಡಿಸಿ, ಸಾದಾ ರಾಡ್ ವೆಲ್ಡಿಂಗ್‌ನಲ್ಲಿ ತೆಳು ತಗಡು ಸುಟ್ಟು ತೂತಾಗುತ್ತೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ.

ಬಣ್ಣ ಎಲ್ಲಕ್ಕಿಂತ ಕೊನೆಗೆ. ಏಪ್ರಿಲ್, ಮೇ ತಿಂಗಳಲ್ಲಂತೂ ಬೇಡ. ನಮ್ಮ ಕಡೆ 42 ಡಿಗ್ರಿ ದಾಟುತ್ತೆ, ಥಿನ್ನರ್ ತಗಡಿಗೆ ತಾಗೋ ಮುಂಚೆಯೇ ಆರಿ ಬಣ್ಣ ಒರಟಾಗುತ್ತೆ. ಚಳಿಗಾಲದಲ್ಲಿ, ಬೆಳಿಗ್ಗೆ, ಗಾಳಿ ಏಳೋ ಮುಂಚೆ. ಬರೀ ಪ್ರೈಮರ್ ಹೊಡೆದು ಮಳೆಗಾಲ ಕಳೆಯಬೇಡಿ, ಪ್ರೈಮರ್ ನೀರು ಹೀರುತ್ತೆ.

ಕಲಬುರಗಿ_ಕ್ಲಾಸಿಕ್:
ಎಲ್ಲರಿಗೂ ಭಾಳ ಥ್ಯಾಂಕ್ಸ್. ಜಾಲಿ ಬಿಚ್ಚಿ ನೋಡಿದೆ, ಕಪ್ಪು ಗೊಬ್ಬರದ ಹಾಗೆ ಎಲೆ ತುಂಬಿದೆ. ಪ್ಲಗ್ ಬಿಚ್ಚಿ ಆಯಿಲ್ ಬಿಟ್ಟಿದ್ದೀನಿ. ಅಂಗಳಕ್ಕೆ ಶಹಾಬಾದ್ ಪರಸಿ ಹಾಸಿದೆ, ಅದರ ಮೇಲೆ ಗಾಡಿ ಎತ್ತಿ ಕೆಳಗೆ ಹೋಗಬಹುದಾ? ಬ್ರೇಕ್ ಸಾಮಾನು ಎಲ್ಲಿ ಹುಡುಕಲಿ?

ಹಳೇಗಾಡಿ_ಸೇಡಂ:
ಪರಸಿ ಮೇಲೆ ನೇರವಾಗಿ ಜಾಕ್ ಬೇಡ ತಮ್ಮಾ. ಕಲ್ಲಿನ ಕೆಳಗೆ ಪೊಳ್ಳಿದ್ದರೆ ಒಂದೇ ಕಡೆ ಭಾರ ಬಿದ್ದು ಬಿರಿಯುತ್ತೆ, ಸ್ಟ್ಯಾಂಡ್ ವಾಲುತ್ತೆ. ದಪ್ಪ ಮರದ ಹಲಗೆ ಹಾಕಿ, ಅದರ ಮೇಲೆ ಜಾಕ್ ಸ್ಟ್ಯಾಂಡ್. ಇಟ್ಟಿಗೆ ಕೊಟ್ಟು ಕೆಳಗೆ ಹೋಗಬೇಡ. ಚಕ್ರಕ್ಕೆ ಅಡ್ಡ ಇಡು, ಒಬ್ಬನೇ ಇದ್ದಾಗ ಕೆಳಗೆ ಹೋಗಬೇಡ.

ಬ್ರೇಕ್ ಸಾಮಾನಿಗೆ ಹೈದರಾಬಾದಿನ ರಾಣಿಗಂಜ್ ಕಡೆ ಹೋಗು, ಇಲ್ಲ ಬೆಂಗಳೂರಿನ ಜೆಸಿ ರಸ್ತೆ. ಹಳೇ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಬಿಚ್ಚಿ ಕೈಯಲ್ಲೇ ತಗೊಂಡು ಹೋಗು, ಬಾಯಲ್ಲಿ ಹೇಳಿದರೆ ಬೇರೆ ಸೈಜ್ ಕೊಡ್ತಾರೆ. ಲೈನಿಂಗ್ ಧೂಳನ್ನ ಗಾಳಿ ಹೊಡೆದು ಊದಬೇಡ, ಹಳೇದರಲ್ಲಿ ಕಲ್ನಾರು ಇರುತ್ತೆ, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸು. ಬ್ರೇಕ್ ಸರಿಯಾಗೋವರೆಗೂ ಎಂಜಿನ್ ಸ್ಟಾರ್ಟ್ ಆದರೂ ಗಾಡಿ ಗೇಟು ದಾಟಬಾರದು. ಪುಲ್ಲಿ ತಿರುಗಿದ ದಿನ ಇಲ್ಲಿ ಬರೆ, ಕಂಪ್ರೆಷನ್ ಎಷ್ಟು ಬಂತು ಅಂತನೂ ಹೇಳು.